ಸ್ಟೇಟ್‌ಮೆಂಟಿನಲ್ಲಿ ಕಾಣುವ ರೈಲು, ಕೋಚ್ ದುಡ್ಡು: ಕವೆಂಟ್ರಿಗೆ ಬಂದಿರೋ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಇಷ್ಟು: ಇಂಗ್ಲೆಂಡಿನ ಕವೆಂಟ್ರಿಗೆ ಓದೋಕೆ ಬಂದು ಎರಡು ತಿಂಗಳಾಯಿತು. ನೀನು ರೂಮು ಬಿಟ್ಟು ಹೊರಗೇ ಹೋಗದ ದಿನ ಬ್ಯಾಂಕ್ ಆ್ಯಪಿನಲ್ಲಿ ಟ್ರೈನ್‌ಲೈನ್ ಹೆಸರಲ್ಲಿ ದುಡ್ಡು ಹೋಗಿದೆ. ಲಂಡನ್ನಿಗೆ ಹೋಗಿ ಬಂದಾಗ ‘ಟಿಎಫ್ಎಲ್ ಟ್ರಾವೆಲ್ ಸಿಎಚ್’ (ಟಿಎಫ್ಎಲ್ ಅಂದರೆ ಲಂಡನ್ನಿನ ಸಾರಿಗೆ ಸಂಸ್ಥೆ) ಅಂತ ಮೊದಲು 10 ಪೆನ್ಸ್, ಆಮೇಲೆ ಬೇರೆ ಬೇರೆ ಮೊತ್ತ ಬಂದಿವೆ. ಇದರ ಜೊತೆಗೆ ಗುರುತೇ ಇಲ್ಲದ ಒಂದು ಹೆಸರಲ್ಲಿ 15 ಪೌಂಡ್. ಕಾರ್ಡ್ ಯಾರಾದರೂ ಕದ್ದಿದ್ದಾರಾ ಅಕ್ಕ, ಇಲ್ಲ ರೈಲಿನವರೇ ಹೀಗೆ ಹಾಕ್ತಾರಾ ಅಂತ ಕೇಳಿದ್ದೀಯ.

ಕಾರ್ಡ್ ಕದ್ದಿಲ್ಲ ಅನ್ನಿಸುತ್ತೆ. ಆ 15 ಪೌಂಡಿನದು ಮಾತ್ರ ಬೇರೆ ಕಥೆ, ಅದಕ್ಕೆ ಆಮೇಲೆ ಬರ್ತೀನಿ.

ನಾನು ಈ ದೇಶಕ್ಕೆ ಬಂದಾಗ ಸ್ಟೇಟ್‌ಮೆಂಟ್ ತಿಂಗಳಿಗೊಮ್ಮೆ ಅಂಚೆಯಲ್ಲಿ ಬರ್ತಿತ್ತು. ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ರೂಪಾಯಿ ಲೆಕ್ಕ ಬರೆದು, ಇಷ್ಟು ದುಡ್ಡಿಗೆ ಹಾಸನದಿಂದ ಬೆಂಗಳೂರಿಗೆ ಎಷ್ಟು ಸಲ ಹೋಗಿ ಬರಬಹುದಿತ್ತು ಅಂತ ಸಂಕಟಪಡ್ತಿದ್ದೆ. ನೀನೂ ಈಗ ಅದನ್ನೇ ಮಾಡ್ತಿರ್ತೀಯ, ಗೊತ್ತು. ಒಂದು ವರ್ಷದೊಳಗೆ ತಾನಾಗೇ ನಿಲ್ಲುತ್ತೆ. ಆದರೆ ಒಂದೊಂದು ಸಾಲನ್ನೂ ಕೂತು ಓದೋ ಅಭ್ಯಾಸ ಇದೆಯಲ್ಲ, ಅದನ್ನು ಮಾತ್ರ ಬಿಡಬೇಡ. ನಾನು ಇವತ್ತಿಗೂ ಭಾನುವಾರ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಓದ್ತೀನಿ.

ಈಗ ಟ್ರೈನ್‌ಲೈನಿನ ವಿಷಯ. ಸ್ಟೇಟ್‌ಮೆಂಟಲ್ಲಿ ಬರೋದು ನೀನು ಹತ್ತಿದ ರೈಲಿನ ಹೆಸರಲ್ಲ, ಟಿಕೆಟ್ ಮಾರಿದವರ ಹೆಸರು. ನಮ್ಮಲ್ಲಿ ರೈಲು ಅಂದರೆ ಒಂದೇ ಇಲಾಖೆ, ಆನ್‌ಲೈನ್ ಅಂದರೆ ಐಆರ್‌ಸಿಟಿಸಿ. ಇಲ್ಲಿ 1990ರ ದಶಕದಲ್ಲಿ ಬ್ರಿಟಿಷ್ ರೈಲನ್ನು ಒಡೆದು ಖಾಸಗಿ ಕಂಪನಿಗಳಿಗೆ ಹಂಚಿದರು. ಈಗ ಒಂದೊಂದಾಗಿ ಸರ್ಕಾರ ವಾಪಸ್ ತಗೊಳ್ತಿದೆ, 2025ರ ಮೇ ತಿಂಗಳಲ್ಲಿ ಸೌತ್ ವೆಸ್ಟರ್ನ್ ರೈಲ್ವೆ ಹಾಗೆ ಬಂತು. ಆದರೂ ಹಳೇ ಹೆಸರುಗಳು ಹಾಗೇ ಓಡಾಡ್ತಿವೆ. ಯಾವ ರೈಲು ಕಂಪನಿಯ ವೆಬ್‌ಸೈಟಿನಲ್ಲಾದರೂ ಇನ್ನೊಂದು ಕಂಪನಿಯ ರೈಲಿಗೆ ಟಿಕೆಟ್ ಸಿಗುತ್ತೆ. ಎಲ್ಎನ್ಇಆರ್ ಅನ್ನೋ ಕಂಪನಿಯ ಸೈಟಿನಲ್ಲಿ ಕೊಂಡು ಅವಂತಿ ಅನ್ನೋ ಇನ್ನೊಂದು ಕಂಪನಿಯ ರೈಲಿನಲ್ಲಿ ಲಂಡನ್ನಿನ ಯೂಸ್ಟನ್ ಸ್ಟೇಷನ್ನಿಗೆ ಹೋದರೆ ಸ್ಟೇಟ್‌ಮೆಂಟಲ್ಲಿ ಎಲ್ಎನ್ಇಆರ್ ಅಂತಲೇ ಕಾಣುತ್ತೆ. ಟ್ರೈನ್‌ಲೈನಿನವರು ಬರೀ ಟಿಕೆಟ್ ಮಾರೋರು, ಅವರದು ಅಂತ ಒಂದು ರೈಲೂ ಇಲ್ಲ. ನ್ಯಾಷನಲ್ ಎಕ್ಸ್‌ಪ್ರೆಸ್ ಕೋಚಿನ, ಅಂದರೆ ದೂರದ ಊರಿಗೆ ಹೋಗೋ ಬಸ್ಸಿನ, ಟಿಕೆಟ್ಟನ್ನೂ ಮಾರ್ತಾರೆ. ಹಾಗಾಗಿ ಬಸ್ಸಲ್ಲಿ ಹೋಗಿದ್ದರೂ ಹೆಸರು ಅದೇ. ಬುಕಿಂಗ್ ಫೀಸ್ ಅನ್ನು ಅದೇ ಮೊತ್ತದೊಳಗೆ ಸೇರಿಸ್ತಾರೆ, ಟಿಕೆಟ್ಟಿನ ಮೇಲಿರೋ ದರಕ್ಕೂ ಕಟ್ ಆದ ದುಡ್ಡಿಗೂ ಸ್ವಲ್ಪ ವ್ಯತ್ಯಾಸ ಕಂಡರೆ ಅದೇ ಕಾರಣ. ರೈಲು ಕಂಪನಿಗಳ ಸ್ವಂತ ಸೈಟಿನಲ್ಲಿ ಆ ಫೀಸ್ ಇಲ್ಲ. ಅಲ್ಲೇ ಕೊಂಡುಕೋ.

ದಿನಾಂಕ ಹೊಂದದೇ ಇರೋದಕ್ಕೂ ಹೆದರಬೇಡ. ರೈಲು, ಕೋಚ್ ಎರಡಕ್ಕೂ ಬುಕ್ ಮಾಡಿದ ದಿನವೇ ದುಡ್ಡು ಹೋಗುತ್ತೆ, ಪ್ರಯಾಣದ ದಿನ ಅಲ್ಲ. ಮೂರು ವಾರ ಮುಂಚೆ ಅಗ್ಗಕ್ಕೆ ಸಿಕ್ಕಿತು ಅಂತ ಅಡ್ವಾನ್ಸ್ ಟಿಕೆಟ್ ತಗೊಂಡಿರ್ತೀಯ, ಮರೆತಿರ್ತೀಯ. ಆ ತಾರೀಖಿನ ಇಮೇಲ್ ಹುಡುಕು, ಸಿಗುತ್ತೆ. ಒಂದೇ ಪ್ರಯಾಣವನ್ನು ತುಂಡು ತುಂಡು ಮಾಡಿ ಕೊಳ್ಳೋ ಸ್ಪ್ಲಿಟ್ ಟಿಕೆಟ್ ತಗೊಂಡಿದ್ದರೆ ಕೈಯಲ್ಲಿ ನಾಲ್ಕು ಟಿಕೆಟ್ ಇದ್ದರೂ ಸ್ಟೇಟ್‌ಮೆಂಟಲ್ಲಿ ಒಂದೇ ಮೊತ್ತ ಇರುತ್ತೆ.

ಐಆರ್‌ಸಿಟಿಸಿ ಥರ ಕ್ಯಾನ್ಸಲ್ ಮಾಡಿದರೆ ಒಂದಷ್ಟು ಹಿಡಿದುಕೊಂಡು ಉಳಿದದ್ದು ಕೊಡ್ತಾರೆ ಅಂತ ಅಡ್ವಾನ್ಸ್ ಟಿಕೆಟ್ಟಿನ ದುಡ್ಡಿಗೆ ಕಾಯಬೇಡ. ನೀನೇ ಹೋಗದೆ ಬಿಟ್ಟರೆ ಅದಕ್ಕೆ ರೀಫಂಡ್ ಇಲ್ಲ. ರೈಲೇ ರದ್ದಾಗಿ ನೀನು ಪ್ರಯಾಣ ಬಿಟ್ಟರೆ ಪೂರ್ತಿ ವಾಪಸ್ ಬರುತ್ತೆ. ತಡವಾದರೆ ಡಿಲೇ ರಿಪೇ ಅಂತ ಪರಿಹಾರ ಇದೆ: ಹೆಚ್ಚಿನ ಕಂಪನಿಗಳು 15 ನಿಮಿಷ ದಾಟಿದರೆ ಕೊಡ್ತವೆ, ಕೆಲವು 30 ನಿಮಿಷಕ್ಕೆ. 28 ದಿನದೊಳಗೆ ಅರ್ಜಿ ಹಾಕಬೇಕು. ಅರ್ಜಿ ಹಾಕೋದು ಟಿಕೆಟ್ ಮಾರಿದವರಿಗಲ್ಲ, ತಡ ಮಾಡಿದ ರೈಲಿನ ಕಂಪನಿಗೆ. ಅದಕ್ಕೇ ಒಂದು ದಿನ ಖಾತೆಗೆ ಅವಂತಿ ಹೆಸರಲ್ಲಿ ದುಡ್ಡು ಬಂದು ಬಿದ್ದರೆ ಗಾಬರಿಯಾಗಬೇಡ, ಅದು ನಿನ್ನ ಹಕ್ಕಿನದು. ನಮ್ಮ ಹುಡುಗರು ‘ಹೋಗಲಿ ಬಿಡು, ಎರಡು ಮೂರು ಪೌಂಡಿಗೆ ಯಾರು ಕೇಳ್ತಾರೆ’ ಅಂತ ಬಿಟ್ಟುಬಿಡ್ತಾರೆ. ಬಿಡಬೇಡ.

ಲಂಡನ್ನಿನ ಲೆಕ್ಕ ಬೇರೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಪ್ರತಿಮೆ ನೋಡೋಕೆ ಹೋಗಿದ್ದೆ ಅಂತ ಬರೆದಿದ್ದೀಯ, ಓದಿ ತುಂಬಾ ಖುಷಿಯಾಯಿತು. 2015ರ ನವೆಂಬರಿನಲ್ಲಿ ಅದರ ಅನಾವರಣ ಆದಾಗ ಇಲ್ಲಿರೋ ಕನ್ನಡಿಗರಿಗೆಲ್ಲ ಮನೆ ಹಬ್ಬದಷ್ಟು ಸಂಭ್ರಮ. ಥೇಮ್ಸ್ ಪಕ್ಕ, ಪಾರ್ಲಿಮೆಂಟಿನ ಎದುರು ದಡದಲ್ಲಿ ನಮ್ಮ ಬಸವಣ್ಣ ನಿಂತಿದ್ದಾನೆ ಅಂದರೆ ಈಗಲೂ ಎದೆ ಉಬ್ಬುತ್ತೆ.

ಲಂಡನ್ನಿನಲ್ಲಿ ಟ್ಯೂಬಿಗೆ (ಅಲ್ಲಿನ ಮೆಟ್ರೋ), ಬಸ್ಸಿಗೆ ಕಾರ್ಡ್ ಮುಟ್ಟಿಸಿದ ಕೂಡಲೇ ದುಡ್ಡು ಹೋಗಲ್ಲ. ಕಂಡಕ್ಟರು ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟು ಇಳಿಯುವಾಗ ಲೆಕ್ಕ ಚುಕ್ತಾ ಮಾಡ್ತಾನಲ್ಲ, ಹಾಗೆ ಟಿಎಫ್ಎಲ್‌ನವರೂ ದಿನದ ಕೊನೆಗೆ ಲೆಕ್ಕ ಹಾಕೋದು. ಅವರ ದಿನ ಬೆಳಗಿನ ಜಾವ 4:30ಕ್ಕೆ ಶುರುವಾಗಿ ಮರುದಿನ ಅದೇ ಹೊತ್ತಿಗೆ ಮುಗಿಯುತ್ತೆ. ಅಷ್ಟರೊಳಗೆ ಮಾಡಿದ ಪ್ರಯಾಣ ಎಲ್ಲ ಕೂಡಿಸಿ, ದಿನದ ಗರಿಷ್ಠ ಮಿತಿ ದಾಟದ ಹಾಗೆ ಒಂದೇ ಮೊತ್ತ ತಗೊಳ್ತಾರೆ. ಸೋಮವಾರದಿಂದ ಭಾನುವಾರದವರೆಗೆ ವಾರಕ್ಕೂ ಒಂದು ಮಿತಿ ಇದೆ. ಆ 10 ಪೆನ್ಸ್ ಕಾರ್ಡ್ ಸರಿಯಾಗಿದೆಯಾ ಅಂತ ನೋಡೋ ಪರೀಕ್ಷೆ ಅಷ್ಟೇ, ಬ್ಯಾಂಕಿನಲ್ಲಿ ‘ಪೆಂಡಿಂಗ್’ ಅಂತ ಕಂಡು ಹೋಗುತ್ತೆ. ಶನಿವಾರ, ಭಾನುವಾರ ಎರಡೂ ದಿನ ಓಡಾಡಿದ್ದೀಯ, ಅದಕ್ಕೇ ಎರಡು ಮೊತ್ತ.

ಒಂದರಲ್ಲಿ ಮಾತ್ರ ನೀನು ಹೇಳಿದ ಓಡಾಟಕ್ಕೆ ಆಗೋದಕ್ಕಿಂತ ಜಾಸ್ತಿ ಇದೆ. ಒಳಗೆ ಹೋಗುವಾಗ ಫೋನು, ಹೊರಗೆ ಬರುವಾಗ ಕಾರ್ಡು ಮುಟ್ಟಿಸಿದೆಯಾ? ಎರಡೂ ನಿನ್ನದೇ ಖಾತೆಯದಾದರೂ ಗೇಟಿನ ಕಣ್ಣಿಗೆ ಅವು ಬೇರೆ ಬೇರೆ ಕಾರ್ಡು. ಎರಡು ಅರ್ಧ ಪ್ರಯಾಣ ಅಂತ ಲೆಕ್ಕ ಹಾಕಿ ಎರಡಕ್ಕೂ ಗರಿಷ್ಠ ದರ ಹಾಕಿಬಿಡುತ್ತೆ. ಟಿಎಫ್ಎಲ್ ಸೈಟಿನಲ್ಲಿ ಖಾತೆ ತೆರೆದು ಕಾರ್ಡ್ ಸೇರಿಸು, ಎಲ್ಲಿ ಹತ್ತಿದೆ ಎಲ್ಲಿ ಇಳಿದೆ ಎಲ್ಲ ಕಾಣುತ್ತೆ. ರೀಫಂಡೂ ಅಲ್ಲೇ ಕೇಳಬಹುದು. ಇದನ್ನು ಬ್ಯಾಂಕಿಗೆ ಹೇಳಿ ತಡೆಸೋಕೆ ಮಾತ್ರ ಹೋಗಬೇಡ. ಬಾಕಿ ಉಳಿದರೆ ಅದು ತೀರೋವರೆಗೂ ಆ ಕಾರ್ಡಿಗೆ ಗೇಟು ತೆಗೆಯಲ್ಲ.

ಊರಿನ ಕಾರ್ಡನ್ನು ಇಲ್ಲಿ ಮುಟ್ಟಿಸಲೇಬೇಡ. ಪ್ರತಿ ಸಲ ಮಾರ್ಕಪ್ ಅಂತ ಬ್ಯಾಂಕಿನ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಅಪ್ಪನ ಖಾತೆಯದಾದರೆ ಅಪರಾತ್ರಿಯಲ್ಲಿ ಅವರ ಫೋನಿಗೆ ಮೆಸೇಜ್ ಹೋಗಿ ಆ ಮೇಲೆ ಅವರಿಗೆ ನಿದ್ದೆ ಬರಲ್ಲ.

16-25 ರೈಲ್‌ಕಾರ್ಡ್ (ಆ ವಯಸ್ಸಿನವರ ರಿಯಾಯಿತಿ ಕಾರ್ಡು) ಇದ್ದರೂ ಬೆಳಿಗ್ಗೆ ರಿಯಾಯಿತಿ ಸಿಗಲಿಲ್ಲ ಅಂದೆ. ವಾರದ ದಿನ ಬೆಳಿಗ್ಗೆ 4:30ರಿಂದ 10ರವರೆಗೆ ಅದಕ್ಕೆ 12 ಪೌಂಡ್ ಕನಿಷ್ಠ ದರ ಇದೆ, ಜುಲೈ, ಆಗಸ್ಟ್ ಬಿಟ್ಟು. ರಿಯಾಯಿತಿ ಹಾಕಿದರೂ ದರ ಅದಕ್ಕಿಂತ ಕೆಳಗೆ ಇಳಿಯಲ್ಲ, ಅಷ್ಟೇ ವಿಷಯ.

ಈಗ ಆ 15 ಪೌಂಡ್. ಇದನ್ನು ನಿಧಾನವಾಗಿ ಓದು.

ಮೊದಮೊದಲು ನಾವು ಐದಾರು ಜನ ಸೇರಿ ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ದಾವಣಗೆರೆ ಕಡೆಯ ಒಬ್ಬ ಹುಡುಗ ಇದ್ದ. ವಾರದ ಕೊನೆಗೆ ಗೋಡೌನ್ ಕೆಲಸಕ್ಕೆ ಕೋಚಿನಲ್ಲಿ ಬೇರೆ ಊರಿಗೆ ಹೋಗ್ತಿದ್ದ. ಒಂದು ಸಲ ಟಿಕೆಟ್ಟಿಗೆ ದುಡ್ಡು ಕಟ್ಟಿದ ಮೇಲೆ ‘ಮುಂದಿನ ಟಿಕೆಟ್ಟಿಗೆ ಕ್ಯಾಶ್‌ಬ್ಯಾಕ್’ ಅಂತ ಒಂದು ಪುಟ ತೆರೆದುಕೊಂಡಿತು. ಟಿಕೆಟ್ ಕಂಪನಿಯದೇ ಇರಬೇಕು ಅಂತ ಒತ್ತಿದ. ಅದು ಬೇರೆಯವರದು. ಒಂದು ತಿಂಗಳು ಉಚಿತ, ಆಮೇಲೆ ತಿಂಗಳು ತಿಂಗಳೂ ಸದಸ್ಯತ್ವದ ದುಡ್ಡು. ಆ ಮಾತು ಸಣ್ಣ ಅಕ್ಷರದಲ್ಲಿತ್ತು.

ಸ್ಟೇಟ್‌ಮೆಂಟಲ್ಲಿ ಅದು ಪ್ರತಿ ತಿಂಗಳೂ ಅವನ ಕಣ್ಣಿಗೆ ಬೀಳ್ತಿತ್ತು. ಡೈರೆಕ್ಟ್ ಡೆಬಿಟ್ ಪಟ್ಟಿಯಲ್ಲಿ (ಖಾತೆಯಿಂದ ತಾನಾಗೇ ಕಟ್ ಆಗೋವುಗಳ ಪಟ್ಟಿ) ಹುಡುಕಿದ, ಇರಲಿಲ್ಲ. ಕೋಚಿನವರ ಏನೋ ಶುಲ್ಕ ಇರಬೇಕು, ಬ್ಯಾಂಕಿನವರು ಸುಮ್ಮಸುಮ್ಮನೆ ಕಟ್ ಮಾಡ್ತಾರಾ ಅಂದುಕೊಂಡ. ಯಾರಿಗೂ ಹೇಳಲಿಲ್ಲ. ದಿನಸಿಗೆ ನಮ್ಮ ಜೊತೆ ಪಾಲು ಹಾಕೋದು ನಿಲ್ಲಿಸಿದ, ಅನ್ನ ಉಪ್ಪಿನಕಾಯಿಯಲ್ಲಿ ದಿನ ತಳ್ಳಿದ. ಹಸಿವಿಲ್ಲ ಅಂತಿದ್ದ. ಕೊನೆಗೆ ಬಲವಂತ ಮಾಡಿ ಕೇಳಿದ್ದಕ್ಕೆ ಕಾಗದ ಎಲ್ಲ ತಂದು ಅಡುಗೆಮನೆ ಮೇಜಿನ ಮೇಲೆ ಇಟ್ಟ. ಬ್ಯಾಂಕಿಗೆ ಫೋನ್ ಮಾಡಿದೆವು, ಅವತ್ತೇ ನಿಂತಿತು. ಆ ಕಂಪನಿಯವರು ಕೆಲವು ತಿಂಗಳ ದುಡ್ಡು ವಾಪಸ್ ಕೊಟ್ಟರು.

ಇವತ್ತಿಗೂ ನನ್ನನ್ನು ಕಾಡೋದು ಅವನ ಆ ಮೌನ. ನಮ್ಮನ್ನು ಬೆಳೆಸಿದ್ದೇ ಹಾಗಲ್ಲವೇ? ಬ್ಯಾಂಕಿಗೆ ಹೋದರೆ ಕೌಂಟರಿನ ಮುಂದೆ ಕೈಕಟ್ಟಿ ನಿಲ್ಲಬೇಕು, ಎರಡು ಸಲ ಕೇಳಿದರೆ ಬೈಸಿಕೊಳ್ಳಬೇಕು. ಕಷ್ಟ ಅಂತ ಹೇಳಿಕೊಂಡರೆ ಸಾಲ ಮಾಡಿ ಕಳಿಸಿದ ಮನೆಯವರ ಮರ್ಯಾದೆ ಹೋಗುತ್ತೆ. ಆ ಸಂಕೋಚವನ್ನು ನಾವು ವಿಮಾನದಲ್ಲಿ ಜೊತೆಗೇ ತಂದಿರ್ತೀವಿ. ಇಲ್ಲಿ ಕೇಳೋದು ತಪ್ಪಲ್ಲ, ಕೇಳಿದವರನ್ನು ಯಾರೂ ಕೀಳಾಗಿ ನೋಡಲ್ಲ.

ಡೈರೆಕ್ಟ್ ಡೆಬಿಟ್ ಪಟ್ಟಿಯಲ್ಲಿ ಅದು ಸಿಗದೇ ಇರೋದಕ್ಕೆ ಕಾರಣ ಇದೆ. ಖಾತೆಯ ನಂಬರಿನ ಮೇಲಲ್ಲ, ಕಾರ್ಡಿನ ಉದ್ದ ನಂಬರಿನ ಮೇಲೆ ಪಡೆದ ಅನುಮತಿ ಅದು. ಕಂಟಿನ್ಯುಯಸ್ ಪೇಮೆಂಟ್ ಅಥಾರಿಟಿ ಅಂತಾರೆ. ಹೊಸ ಕಾರ್ಡ್ ತರಿಸಿಕೊಂಡರೆ ನಿಲ್ಲುತ್ತೆ ಅನ್ನೋ ಖಾತ್ರಿ ಇಲ್ಲ, ಕೆಲವು ಸಲ ಹೊಸ ಕಾರ್ಡಿನ ಮೇಲೂ ಮುಂದುವರಿಯುತ್ತೆ. ಆದರೆ ಆ ಅನುಮತಿ ವಾಪಸ್ ತಗೊಳ್ತೀನಿ ಅಂತ, ಮುಂದಿನ ಕಂತಿನ ಹಿಂದಿನ ಕೆಲಸದ ದಿನದೊಳಗೆ ನೀನು ಬ್ಯಾಂಕಿಗೆ ಹೇಳಿದರೆ ಅವರು ನಿಲ್ಲಿಸಲೇಬೇಕು. ಹೇಳಿದ ಮೇಲೂ ದುಡ್ಡು ಹೋದರೆ ಬ್ಯಾಂಕೇ ವಾಪಸ್ ಕೊಡಬೇಕು. ‘ಮೊದಲು ಆ ಕಂಪನಿಯನ್ನೇ ಕೇಳಿ’ ಅಂತ ನಿನ್ನನ್ನು ಸಾಗಹಾಕೋ ಹಾಗಿಲ್ಲ.

ನಿನ್ನ 15 ಪೌಂಡೂ ಇಂಥದ್ದೇ ಇರಬಹುದು. ಹಾಗಾಗಿ ಇವತ್ತೇ ಎರಡು ಕೆಲಸ ಮಾಡು. ಟಿಕೆಟ್ ಕೊಂಡ ದಿನದ ಆಸುಪಾಸಿನ ಇಮೇಲುಗಳಲ್ಲಿ, ಸ್ಪ್ಯಾಮಿನಲ್ಲೂ ಸೇರಿಸಿ, ಸದಸ್ಯತ್ವಕ್ಕೆ ಸ್ವಾಗತ ಅನ್ನೋ ಥರದ್ದು ಇದೆಯಾ ನೋಡು. ಇದ್ದರೆ ಅದರಲ್ಲಿರೋ ನಂಬರಿಗೆ ಫೋನ್ ಮಾಡಿ ಸದಸ್ಯತ್ವ ರದ್ದು ಮಾಡಿಸಿ, ಒಂದು ಸಲವೂ ಬಳಸಿಲ್ಲ ಅಂತ ದುಡ್ಡು ವಾಪಸ್ ಕೇಳು. ಆಮೇಲೆ ಬ್ಯಾಂಕ್ ಆ್ಯಪಿನ ಚಾಟಿನಲ್ಲಿ ಅನುಮತಿ ವಾಪಸ್ ತಗೊಂಡಿದ್ದೀನಿ ಅಂತ ಬರೆದು ಅದರ ಸ್ಕ್ರೀನ್‌ಶಾಟ್ ಇಟ್ಟುಕೋ. ಅಂಥ ಇಮೇಲ್ ಇಲ್ಲವೇ ಇಲ್ಲ, ಆ ಹೆಸರು ಎಲ್ಲೂ ಕಂಡಿಲ್ಲ ಅಂದರೆ ಆಗ ಅದು ಕಳ್ಳತನವೇ ಇರಬಹುದು. ಕಾರ್ಡ್ ಫ್ರೀಜ್ ಮಾಡಿ 159ಕ್ಕೆ ಫೋನ್ ಮಾಡು, ಹೆಚ್ಚಿನ ಬ್ಯಾಂಕುಗಳಿಗೆ ಅಲ್ಲಿಂದಲೇ ಸಂಪರ್ಕ ಕೊಡ್ತಾರೆ. ಇಂಗ್ಲಿಷಿನಲ್ಲಿ ಫೋನಿನಲ್ಲಿ ವಾದ ಮಾಡೋದು ಕಷ್ಟ ಅನ್ನಿಸಿದರೆ ಶನಿವಾರ ನನಗೆ ಹೇಳು, ಮೂರು ಜನರ ಕಾಲ್ ಹಾಕೋಣ, ನಾನು ಲೈನಿನಲ್ಲಿ ಇರ್ತೀನಿ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಮಾಡು.