ಯುರೋಪ್ ಪ್ರವಾಸದ ಕೊನೆಯ ದಿನ ಪ್ರಾಗ್‌ನಲ್ಲಿ, ರಾತ್ರಿ ವಿಮಾನ. ಅಪ್ಪ-ಅಮ್ಮನ ಜೊತೆ ಏನೇನು ನೋಡಬಹುದು?

ನಿಮ್ಮ ಪಟ್ಟಿ ನೋಡಿದೆ. ಕೋಟೆ, ಚಾರ್ಲ್ಸ್ ಸೇತುವೆ, ಗಡಿಯಾರ, ಯಹೂದಿ ಕೇರಿ, ದೋಣಿ ಸವಾರಿ, ಶಾಪಿಂಗ್. ಅದರ ಮೇಲೆ ಇಬ್ಬರಿಗೂ ಮಂಡಿ ನೋವು ಬೇರೆ ಅಂತ ಬರೆದಿದ್ದೀರಿ. ಒಂದು ದಿನಕ್ಕೆ ಇಷ್ಟು ಆಗಲ್ಲ. ಕೋಟೆ ಬಿಟ್ಟುಬಿಡಿ.

ಹೀಗೆ ಹೇಳಿದರೆ ಬೈಯುವವರು ಇದ್ದಾರೆ, ಗೊತ್ತು. ಆದರೆ ಪ್ರಾಗ್ ಕೋಟೆ ಅಂದರೆ ಒಂದು ಕಟ್ಟಡ ಅಲ್ಲ, ಒಂದು ಸಣ್ಣ ಊರೇ. ಬೆಟ್ಟದ ಮೇಲಿದೆ, ಟಿಕೆಟ್‌ಗೆ ಸಾಲು ಬೇರೆ. ಅರ್ಧ ದಿನ ಅಲ್ಲೇ ಹೋಗುತ್ತದೆ. ಅದರೊಳಗಿನ ಸೇಂಟ್ ವೈಟಸ್ ಚರ್ಚ್ ಕಟ್ಟೋಕೆ ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಅವರು ಅಷ್ಟು ನಿಧಾನವಾಗಿ ಕಟ್ಟಿದ್ದನ್ನು ನಾವು ವಾಚ್ ನೋಡಿಕೊಂಡು ಮುಕ್ಕಾಲು ಗಂಟೆಯಲ್ಲಿ ಮುಗಿಸೋದು ಬೇಡ. ನೋಡಲೇಬೇಕು ಅಂತಿದ್ದರೆ 22ನೇ ನಂಬರ್ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ಸ್ಟಾಪ್‌ವರೆಗೆ ಹೋಗಿ, ಅಲ್ಲಿಂದ ಇಳಿಜಾರಿನಲ್ಲಿ ನಡೆದು ಬನ್ನಿ. ಮಂಡಿಯವರಿಗೆ ಹತ್ತೋದು ತಪ್ಪುತ್ತದೆ.

ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದು ಜೂನ್ ಮೊದಲ ವಾರ. ನಮ್ಮದೂ ಪ್ರವಾಸದ ಕೊನೆಯ ದಿನ, ರಾತ್ರಿ ವಿಮಾನ. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಈಗ ರಿಟೈರ್ಡ್. ಹಿಂದಿನ ರಾತ್ರಿಯೇ ಸೂಟ್‌ಕೇಸ್ ಕಟ್ಟಿ, ತೂಕ ನೋಡಿ, ಬೆಳಿಗ್ಗೆ ರೂಮ್ ಖಾಲಿ ಮಾಡಿ, ಹೋಟೆಲ್‌ನವರ ಹತ್ತಿರವೇ ಸಾಮಾನು ಬಿಟ್ಟೆವು. ನೀವೂ ಇದನ್ನು ಮೊದಲು ಕೇಳಿಕೊಳ್ಳಿ. ಎಳೆಯೋ ಪೆಟ್ಟಿಗೆ ಆ ಕಲ್ಲು ಹಾಸಿನ ರಸ್ತೆಯಲ್ಲಿ ಎಳೆಯೋಕೆ ಆಗಲ್ಲ. ಚಪ್ಪಲಿಯೂ ಬೇಡ, ಇಬ್ಬರಿಗೂ ಶೂ ಹಾಕಿಸಿ.

ಸೇತುವೆಗೆ ಬೆಳಿಗ್ಗೆ ಆರರೊಳಗೆ ಹೋಗಿ. ಜೂನ್‌ನಲ್ಲಿ ಅಲ್ಲಿ ಐದಕ್ಕೆಲ್ಲ ಬೆಳಕು. ಹತ್ತರ ಮೇಲೆ ಹೋದರೆ ಜಾತ್ರೆ, ತಲೆ ಬಿಟ್ಟು ಬೇರೇನೂ ಕಾಣಲ್ಲ. ನಾವು ಹೋದ ಬೆಳಗಿನ ಹೊತ್ತಿನಲ್ಲಿ ಇದ್ದವರು ಓಡುವವರು ನಾಲ್ಕು ಜನ, ಮದುವೆ ಫೋಟೋ ತೆಗೆಸಿಕೊಳ್ಳುವ ಎರಡು ಜೋಡಿ, ನಾವು. ಅರ್ಧ ಕಿಲೋಮೀಟರ್ ಉದ್ದ, ಎರಡೂ ಬದಿ ಸೇರಿ ಮೂವತ್ತು ವಿಗ್ರಹ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ಕಾಲದಲ್ಲಿ ಕೆಲಸ ಶುರುವಾದದ್ದು. ಗಾರೆಗೆ ಮೊಟ್ಟೆ ಹಾಕಿದ್ದರು ಅಂತ ಅಲ್ಲಿನವರ ಕಥೆ. ಎಲ್ಲ ಊರುಗಳಿಂದ ಗಾಡಿಯಲ್ಲಿ ಮೊಟ್ಟೆ ಬಂತಂತೆ, ಒಂದು ಊರಿನವರು ದಾರೀಲಿ ಒಡೆದು ಹೋದೀತು ಅಂತ ಬೇಯಿಸಿ ಕಳಿಸಿದರಂತೆ. ಅಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ, ‘ನಮ್ಮಜ್ಜನ ಮನೆ ಗಾರೆಗೂ ಬೆಲ್ಲ, ಮೊಟ್ಟೆ ಹಾಕಿದ್ದರು ಅಂತಿದ್ರು ಕಣೋ’ ಅಂದಳು.

ಸೇತುವೆ ಮೇಲೆ ನೇಪೊಮುಕ್ ಅನ್ನೋ ಪಾದ್ರಿಯ ವಿಗ್ರಹ ಹುಡುಕಿ. 1393ರಲ್ಲಿ ರಾಜನ ಅಪ್ಪಣೆಯಂತೆ ಅವನನ್ನು ಕೆಳಗಿನ ವಲ್ತಾವಾ ನದಿಗೆ ಎಸೆದರು. ಪೀಠದಲ್ಲಿರುವ ಕಂಚಿನ ಫಲಕವನ್ನು ಜನ ಮುಟ್ಟಿ ಮುಟ್ಟಿ ಆ ಜಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಹಳೇ ಊರಿನ ಚೌಕದಲ್ಲಿ ಟೌನ್‌ಹಾಲ್ ಗೋಡೆಯ ಮೇಲಿರುವ ಗಡಿಯಾರದ ಬೊಂಬೆಯಾಟ ಬೆಳಿಗ್ಗೆ ಒಂಬತ್ತಕ್ಕೆ ಶುರು, ಆಮೇಲೆ ಗಂಟೆಗೊಂದು ಸಲ. ಒಂಬತ್ತರದ್ದಕ್ಕೇ ಹೋಗಿ. ಮುಂಚೆಯೇ ಹೇಳಿಬಿಡುತ್ತೇನೆ, ಅದು ಒಂದು ನಿಮಿಷವೂ ಇಲ್ಲ. ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಮೇಲಿನ ಎರಡು ಕಿಟಕಿಯಲ್ಲಿ ಏಸುವಿನ ಹನ್ನೆರಡು ಶಿಷ್ಯರು ಮುಖ ತೋರಿಸಿ ಹೋಗುತ್ತಾರೆ, ಕೋಳಿ ಕೂಗುತ್ತದೆ, ಮುಗಿಯಿತು. ‘ಇಷ್ಟೇನಾ’ ಅಂತ ಜನ ಚದುರುತ್ತಾರೆ. ಎಲ್ಲರೂ ತಲೆ ಎತ್ತಿ ನಿಂತಿರುವಾಗ ಜೇಬುಗಳ್ಳರಿಗೆ ಸುಗ್ಗಿ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ.

ಅಸಲಿ ಮಜಾ ಜನ ಚದುರಿದ ಮೇಲೆ. ನಾವು ಅಲ್ಲೇ ಇಪ್ಪತ್ತು ನಿಮಿಷ ನಿಂತೆವು. ಕೆಳಗಿನ ದುಂಡು ಹಲಗೆಯಲ್ಲಿ ಹನ್ನೆರಡು ರಾಶಿಗಳ ಚಿತ್ರ, ಅದರ ಸುತ್ತ ಹನ್ನೆರಡು ತಿಂಗಳ ಬೇಸಾಯದ ಕೆಲಸ, ಅಂಚಿನಲ್ಲಿ ವರ್ಷದ ದಿನಗಳು. ಅಮ್ಮ ನೋಡಿದವಳೇ, ‘ಇದು ಪಂಚಾಂಗ ಅಲ್ವೇನೋ!’ ಅಂದಳು. ಹೌದು, ಪಂಚಾಂಗವೇ. ಮೇಲಿನ ಗಡಿಯಾರದ ಮುಖ 1410ರ ಕಾಲದ್ದು. ಅದರಲ್ಲಿ ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತ ಗೊತ್ತಾಗುತ್ತದೆ, ಅರ್ಧ ಕಪ್ಪು ಅರ್ಧ ಬೆಳ್ಳಿಯ ಸಣ್ಣ ಗುಂಡು ತಿರುಗಿ ಚಂದ್ರನ ಕಲೆ ತೋರಿಸುತ್ತದೆ. ಹೊರಗಿನ ಬಳೆಯಲ್ಲಿ ಹಳೇ ಲಿಪಿಯ ಅಂಕಿಗಳಿವೆ, ಅವು ಸೂರ್ಯ ಮುಳುಗಿದಾಗಿನಿಂದ ಗಂಟೆ ಎಣಿಸುತ್ತವೆ. ನಮಗೆ ಸೂರ್ಯೋದಯಕ್ಕೆ ದಿನ ಶುರು, ಆಗಿನ ಅವರಿಗೆ ಸೂರ್ಯಾಸ್ತಕ್ಕೆ.

‘ಈಗ ಸೂರ್ಯ ಮಿಥುನದಲ್ಲಿದ್ದಾನೆ’ ಅಂದೆ. ಅಮ್ಮ ಒಪ್ಪಲಿಲ್ಲ. ‘ಮಿಥುನ ಹೇಗಾಗುತ್ತೆ? ಇನ್ನೂ ಸಂಕ್ರಮಣ ಆಗಿಲ್ಲ. ವೃಷಭದಲ್ಲೇ ಇರಬೇಕು, ಇವರ ಗಡಿಯಾರ ತಪ್ಪು.’ ಆರುನೂರು ವರ್ಷದ ಗಡಿಯಾರಕ್ಕೆ ಕೆಂಪು ಇಂಕಿನಲ್ಲಿ ಇಂಟು ಹಾಕಿದ ಹಾಗೆ ಹೇಳಿದಳು! ಇಬ್ಬರ ಲೆಕ್ಕವೂ ಸರಿಯೇ. ಅವರದು ಸಾಯನ, ಅಂದರೆ ಹಗಲು-ರಾತ್ರಿ ಸಮವಾಗುವ ವಿಷುವದಿಂದ ಎಣಿಸೋದು; ನಮ್ಮದು ನಿರಯನ, ಅಂದರೆ ನಕ್ಷತ್ರಗಳಿಂದ ಎಣಿಸೋದು; ನಡುವೆ ಸುಮಾರು 24 ಡಿಗ್ರಿ ವ್ಯತ್ಯಾಸ. ಇನ್ನೊಂದು ಗಡಿಯಾರ ಮಾಡದಿರಲಿ ಅಂತ ಇದನ್ನು ಮಾಡಿದವನ ಕಣ್ಣು ಕಿತ್ತರು ಅಂತಲೂ ಗೈಡ್‌ಗಳು ಹೇಳುತ್ತಾರೆ. ತಾಜ್‌ಮಹಲ್ ಕಟ್ಟಿದವರ ಕೈ ಕತ್ತರಿಸಿದ ಕಥೆ ಇದೆಯಲ್ಲ, ಅದೇ ಜಾತಿಯ ಕಟ್ಟುಕಥೆ. ನಿಜ ಬೇಕಾದರೆ ಅದೇ ಕಟ್ಟಡದ ಮಗ್ಗುಲಿಗೆ ಹೋಗಿ ನೆಲ ನೋಡಿ, 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಚಕ್ರವರ್ತಿಯ ವಿರುದ್ಧ ಎದ್ದವರನ್ನು ಅಲ್ಲಿ ಕೊಂದರು. ಜನ ಅದರ ಮೇಲೆಯೇ ನಿಂತು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ.

ಯಹೂದಿ ಕೇರಿ ಚೌಕದಿಂದ ಐದು-ಹತ್ತು ನಿಮಿಷದ ನಡಿಗೆ. ಅಲ್ಲಿನ ಮ್ಯೂಸಿಯಂ ಜಾಗಗಳು ಶನಿವಾರ ಮುಚ್ಚಿರುತ್ತವೆ, ನಿಮ್ಮ ತಾರೀಕು ನೋಡಿಕೊಳ್ಳಿ. ಹಳೆಯ ಸ್ಮಶಾನಕ್ಕೆ ಹೋಗೋಣ ಅಂದಾಗ ಅಮ್ಮ ನಿಂತುಬಿಟ್ಟಳು. ‘ಊರಿಗೆ ಹೊರಡೋ ದಿನ ಸ್ಮಶಾನಕ್ಕಾ?’ ನಿಮ್ಮ ಮನೆಯಲ್ಲೂ ಇದೇ ಮಾತು ಬರುತ್ತದೆ, ತಯಾರಾಗಿರಿ. ಸ್ಮಶಾನಕ್ಕೆ ದಾರಿ ಇರುವುದೇ ಪಿಂಕಾಸ್ ಸಿನಗಾಗ್ ಅನ್ನೋ ಯಹೂದಿ ಪ್ರಾರ್ಥನಾ ಮಂದಿರದ ಒಳಗಿಂದ, ಅಲ್ಲಿವರೆಗೆ ಬಾ ಸಾಕು ಅಂದೆ.

ಪಿಂಕಾಸ್‌ನ ಗೋಡೆ ತುಂಬ ಹೆಸರುಗಳು. ಹಿಟ್ಲರನ ಕಾಲದಲ್ಲಿ ಸತ್ತ ಜೆಕ್ ದೇಶದ ಯಹೂದಿಗಳದ್ದು, ಹತ್ತಿರ ಹತ್ತಿರ 80,000. ಕೈಯಲ್ಲಿ ಬರೆದದ್ದು, ಊರಿನ ಪ್ರಕಾರ, ಮನೆತನದ ಪ್ರಕಾರ. ಮೇಲಿನ ಮಹಡಿಯಲ್ಲಿ ಮಕ್ಕಳ ಚಿತ್ರಗಳು. ತೆರೆಜಿನ್ ಅನ್ನೋ ನಾಜಿ ಬಂದಿಖಾನೆಯಲ್ಲಿ ಕೂಡಿಹಾಕಿದ್ದ ಮಕ್ಕಳಿಗೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅನ್ನೋ ಕಲಾವಿದೆ ಚಿತ್ರ ಕಲಿಸುತ್ತಿದ್ದಳು. 1944ರಲ್ಲಿ ಅವಳನ್ನೂ ಆಷ್‌ವಿಟ್ಸ್ ಅನ್ನೋ ಹತ್ಯಾ ಶಿಬಿರಕ್ಕೆ ಕಳಿಸಿದರು. ಹೋಗುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸ್‌ನಲ್ಲಿ ತುಂಬಿಟ್ಟು ಹೋಗಿದ್ದಳು, ಅವು ಉಳಿದವು. ಆ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಚಿತ್ರದ ಕೆಳಗಿನ ಇಸವಿ ನೋಡಿ ವಯಸ್ಸು ಲೆಕ್ಕ ಹಾಕತೊಡಗಿದಳು. ‘ಎಂಟು ವರ್ಷ, ಮೂರನೇ ಕ್ಲಾಸು. ಹನ್ನೊಂದು, ಆರನೇ ಕ್ಲಾಸು.’ ಹೀಗೇ ಕೊನೇ ಚಿತ್ರದವರೆಗೂ. ನಾನು ಸುಮ್ಮನೆ ಪಕ್ಕದಲ್ಲಿ ನಡೆದೆ. ಆಮೇಲೆ ಸ್ಮಶಾನಕ್ಕೆ ಅವಳೇ ಮೊದಲು ಹೋದಳು. ಜಾಗ ಸಾಲದೆ ಒಂದರ ಮೇಲೊಂದು ಮಣ್ಣು ಹಾಕಿ ಹೂಳಿದ್ದರಿಂದ ಅಲ್ಲಿ ಸುಮಾರು ಹನ್ನೆರಡು ಸಾವಿರ ಕಲ್ಲುಗಳು ಓರೆಯಾಗಿ ಒಂದಕ್ಕೊಂದು ಒರಗಿ ನಿಂತಿವೆ. ಇಲ್ಲಿ ಹೂವಿನ ಬದಲು ಸಣ್ಣ ಕಲ್ಲು ಇಡುತ್ತಾರೆ. ಅಮ್ಮನೂ ಒಂದು ಇಟ್ಟಳು.

ಅಷ್ಟರಲ್ಲಿ ಮಧ್ಯಾಹ್ನ ಎರಡು. ಇನ್ನೇನೂ ನೋಡಲಿಲ್ಲ. ನದಿ ದಡದ ಬೆಂಚಿನ ಮೇಲೆ ಕೂತೆವು. ಸಸ್ಯಾಹಾರ ಅಂದರೆ ಕರಿದ ಚೀಸ್, ಆಲೂಗಡ್ಡೆ. ಸೂಪ್ ತಗೊಳ್ಳೋ ಮುಂಚೆ ಮಾಂಸ ಹಾಕಿದೆಯಾ ಕೇಳಿ. ಬೀದಿ ಬೀದಿಯಲ್ಲಿ ಮಾರುವ ತ್ರ್ದೆಲ್ನಿಕ್ ಅನ್ನೋ ಸುರುಳಿ ಬ್ರೆಡ್ಡು ಪ್ರಾಗ್‌ನ ಹಳೇ ತಿಂಡಿ ಅಂತ ಬೋರ್ಡ್ ಹಾಕಿರುತ್ತಾರೆ, ನಂಬಬೇಡಿ. ತಿನ್ನಲು ಚೆನ್ನಾಗಿದೆ, ಅದು ಬೇರೆ ಮಾತು.

ವಿಮಾನ ನಿಲ್ದಾಣಕ್ಕೆ ಹಸಿರು ಮೆಟ್ರೋದಲ್ಲಿ ನಾದ್ರಾಜಿ ವೆಲೆಸ್ಲಾವಿನ್, ಅಲ್ಲಿಂದ ಬಸ್. ಮೂರು ಗಂಟೆ ಮುಂಚೆ ತಲುಪಿ. ಅಲ್ಲಿ ನಮ್ಮ ಮೆಟ್ರೋ ಥರ ಗೇಟ್ ಇಲ್ಲ, ಯಾರೂ ತಡೆಯಲ್ಲ. ಕಾಗದದ ಟಿಕೆಟ್ ಆದರೆ ಹಳದಿ ಡಬ್ಬಿಯಲ್ಲಿ ತೂರಿಸಿ ಮುದ್ರೆ ಹೊಡೆಸಲೇಬೇಕು. ನಾನು ಟಿಕೆಟ್ ಜೇಬಲ್ಲಿಟ್ಟುಕೊಂಡು ಹೀರೋ ಥರ ಇಳಿದುಹೋದೆ, ತಪಾಸಣೆಯವರು ಹಿಡಿದರು. ದಂಡ ಕಟ್ಟಿದೆ, ತಪ್ಪು ನನ್ನದೇ. ಅಮ್ಮ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಅಲ್ಲಿ ಯೂರೋ ಅಲ್ಲ, ಕೊರುನಾ. ಉಳಿದ ಚಿಲ್ಲರೆ ಬೆಂಗಳೂರಿನಲ್ಲಿ ಯಾರೂ ಬದಲಾಯಿಸಿ ಕೊಡಲ್ಲ. ನಾವು ಮೆಟ್ರೋ ಹತ್ತುವ ಮುಂಚೆ ಸೂಪರ್ ಮಾರ್ಕೆಟ್‌ಗೆ ನುಗ್ಗಿ, ಇದ್ದಬದ್ದ ನಾಣ್ಯಕ್ಕೆಲ್ಲ ರೊಹ್ಲಿಕ್ ಅನ್ನೋ ಉದ್ದನೆ ಬನ್ನು, ಒಂದು ಸಣ್ಣ ಬೆಣ್ಣೆ ತಗೊಂಡೆವು. ಬೋರ್ಡಿಂಗ್‌ಗೆ ಕಾಯುತ್ತಾ ಅಮ್ಮ ಬ್ಯಾಗಿನ ತಳದಿಂದ ಚಟ್ನಿಪುಡಿ ಡಬ್ಬಿ ತೆಗೆದಳು. ಬನ್ನು ಸೀಳಿ, ಬೆಣ್ಣೆ ಸವರಿ, ಪುಡಿ ಉದುರಿಸಿ ಕೊಟ್ಟಳು. ಡಬ್ಬಿ ಅಲ್ಲಿಗೆ ಖಾಲಿ.