ಸ್ವರ ಸಂದೇಹ: ಮಾರಿಯೋ ಟ್ಯೂನಿಗೆ ನಾಲ್ಕು ಜನ ಸಾಕಾ?

ಪ್ರಶ್ನೆ: ಮೇಡಂ, ಕಾಲೇಜ್ ಡೇಗೆ ಸೂಪರ್ ಮಾರಿಯೋ ಗೇಮಿನ ಟ್ಯೂನ್ ನುಡಿಸಬೇಕೆಂದಿದ್ದೇವೆ. ನಮ್ಮಲ್ಲಿರುವುದು ಸ್ಯಾಕ್ಸೋಫೋನ್, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್ ಅಷ್ಟೇ. ಸ್ಯಾಕ್ಸೋಫೋನಿನವನು ದೇವಸ್ಥಾನ, ಮದುವೆಗಳಲ್ಲಿ ನುಡಿಸುತ್ತಾನೆ. ರಾಗ ಸರಿಯಾಗಿಯೇ ಬರುತ್ತದೆ, ಆದರೂ ಸಪ್ಪೆ. ಹಿಂದಿನಿಂದ ಟ್ರ್ಯಾಕ್ ಹಾಕಬಹುದಾ? ಪ್ರಾಕ್ಟೀಸಿನ ರೆಕಾರ್ಡಿಂಗ್ ಕಳಿಸಿದ್ದೇವೆ.
— ಕಾಲೇಜು ವಿದ್ಯಾರ್ಥಿ, ಉಡುಪಿ

ಉತ್ತರ: ಟ್ರ್ಯಾಕ್ ಬೇಡವೇ ಬೇಡ. ಜಪಾನಿನ ಸಂಗೀತ ಸಂಯೋಜಕ ಕೋಜಿ ಕೊಂಡೋ 1985ರಲ್ಲಿ ಈ ಟ್ಯೂನ್ ಮಾಡಿದ್ದು ನಾಲ್ಕೇ ದನಿಗಳಲ್ಲಿ. ರಾಗಕ್ಕೆ ಎರಡು, ಬೇಸ್‌ಗೆ ಒಂದು, ತಾಳಕ್ಕೆ ಚಿಸ್ ಚಿಸ್ ಎನ್ನುವ ಸದ್ದು ಒಂದು. ನೀವೂ ನಾಲ್ಕು ಜನ ಇದ್ದೀರಿ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದ ಮೊದಲ ಗೇಮ್ ಸಂಗೀತ ಇದು. ಅಷ್ಟು ದೊಡ್ಡ ಗೌರವ ಸಿಕ್ಕಿದ್ದು ಈ ನಾಲ್ಕು ದನಿಗೇ ಅಲ್ವಾ?

ರೆಕಾರ್ಡಿಂಗ್ ಕೇಳಿದೆ. ಶುರುವಿನಲ್ಲೇ ತೊಂದರೆ ಇದೆ. ಸಿ ಅನ್ನು ಷಡ್ಜ ಮಾಡಿಕೊಂಡರೆ ಮೊದಲ ಸಾಲು ಹೀಗೆ: ಗ, ಗ, ಖಾಲಿ, ಗ, ಖಾಲಿ, ಸ, ಗ, ಖಾಲಿ, ಆಮೇಲೆ ಪ. ಪ ಬರುವ ಮೊದಲು ಎಂಟು ಅಕ್ಷರದಲ್ಲಿ, ಅಂದರೆ ತಾಳದ ಎಂಟು ಎಣಿಕೆಯಲ್ಲಿ, ಐದೇ ಸ್ವರ. ನಿಮ್ಮ ಸ್ಯಾಕ್ಸೋಫೋನಿನ ಹುಡುಗ ಆ ಖಾಲಿ ಜಾಗಗಳಿಗೂ ಸ್ವರ ಎಳೆಯುತ್ತಿದ್ದಾನೆ. ಕರ್ನಾಟಕ ಪದ್ಧತಿಯಲ್ಲಿ ಕಲಿತವರಿಗೆ ಕಾರ್ವೆ ಕೊಡುವುದು, ಅಂದರೆ ಸ್ವರವನ್ನು ಎಳೆದು ನಿಲ್ಲಿಸುವುದು, ಸಹಜ. ಇಲ್ಲಿ ಮಾತ್ರ ನಾಲಿಗೆಯಿಂದ ಸ್ವರವನ್ನು ತಟ್ಟನೆ ನಿಲ್ಲಿಸಬೇಕು. ಗಾಂಧಾರಕ್ಕೆ (ಗ) ಗಮಕವೂ, ಅಂದರೆ ಸ್ವರವನ್ನು ತೂಗಾಡಿಸುವುದೂ, ಬೇಡ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ವಾದ್ಯ ನಮ್ಮೂರಿನ ಹುಡುಗನ ಕೈಯಲ್ಲಿದೆ, ಅವನ ಗಮಕ ವೇದಿಕೆಯ ಮೇಲೆ ಕೇಳಲೇಬೇಕು. ಅದಕ್ಕೆ ಅದೇ ಗೇಮಿನ ನೀರೊಳಗಿನ ಟ್ಯೂನ್ ಸೇರಿಸಿ. ಅದು ಮೂರರ ನಡೆ, ನಿಧಾನ. ಅಲ್ಲಿ ಅವನಿಗೆ ಬೇಕಾದಷ್ಟು ಜಾಗ ಇದೆ.

ಸಪ್ಪೆಗೆ ಇನ್ನೊಂದು ಕಾರಣ ಕೀಬೋರ್ಡ್. ನೀವು ಮೊದಲ ಸಾಲಿಗೆ ಸಿ ಮೇಜರ್ ಕಾರ್ಡ್ (ಸ, ಗ, ಪ ಒಟ್ಟಿಗೆ) ಒತ್ತುತ್ತಿದ್ದೀರಿ. ಅದು ತಪ್ಪು. ಮೂಲದಲ್ಲಿ ಆ ಗಾಂಧಾರದ ಕೆಳಗೆ ಪ್ರತಿ ಮಧ್ಯಮ ಇದೆ, ಬೇಸ್‌ನಲ್ಲಿ ರಿ ಇದೆ. ಅಂದರೆ ಎಫ್ ಶಾರ್ಪ್ ಮತ್ತು ಡಿ. ಪ ಬಂದಾಗ ಕೀಬೋರ್ಡ್ ಬಿ ಸ್ವರಕ್ಕೆ, ಬೇಸ್ ಜಿ ಸ್ವರಕ್ಕೆ ಹೋಗುತ್ತದೆ. ಕಿವಿ ನಿಮಿರುವಂತೆ ಮಾಡುವುದೇ ಆ ಪ್ರತಿ ಮಧ್ಯಮ. ಕೀಬೋರ್ಡಿನವರು ಕಾರ್ಡ್ ಬಿಟ್ಟು ಒಂದೇ ಬೆರಳಲ್ಲಿ ನುಡಿಸಿ ನೋಡಿ. ಸ್ಯಾಕ್ಸೋಫೋನ್ ಆಲ್ಟೋ ಬಗೆಯದಾಗಿದ್ದರೆ ಕೀಬೋರ್ಡಿನ ಸಿ ಕೇಳಿಸಲು ಅವನು ಎ ನುಡಿಸಬೇಕು, ನೆನಪಿರಲಿ.

ಡ್ರಮ್ಸ್‌ಗೆ ಮುಚ್ಚಿದ ಹೈಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್) ಸಾಕು. ದೊಡ್ಡ ಸಿಂಬಲ್ ಬಡಿದರೆ ನಾವು ಕಷ್ಟಪಟ್ಟು ಖಾಲಿ ಬಿಟ್ಟ ಜಾಗವೆಲ್ಲ ತುಂಬಿಹೋಗುತ್ತದೆ.

ಗೇಮಿನಲ್ಲಿ ಸಮಯ 100ಕ್ಕೆ ಇಳಿದ ಕೂಡಲೇ ಟ್ಯೂನ್ ಓಡಲು ಶುರುವಾಗುತ್ತದಲ್ವಾ? ಕೊನೆಯ ಸುತ್ತನ್ನು ಹಾಗೇ ನುಡಿಸಿ. ತೊಂಬತ್ತರ ದಶಕದಲ್ಲಿ ಟಿವಿಗೆ ವಿಡಿಯೋ ಗೇಮ್ ಸಿಕ್ಕಿಸಿ ಆಡಿದ ಲೆಕ್ಚರರ್‌ಗಳು ಥಟ್ಟನೆ ಗುರುತಿಸುತ್ತಾರೆ. ಆದರೆ ಯಂತ್ರಕ್ಕೆ ಉಸಿರು ಬೇಡ, ನಿಮ್ಮ ಹುಡುಗನಿಗೆ ಬೇಕು. ಎಲ್ಲಿ ಉಸಿರು ತೆಗೆದುಕೊಳ್ಳುವುದು ಎಂದು ಮೊದಲೇ ಗುರುತು ಮಾಡಿಕೊಳ್ಳಿ. ಅವನು ಉಸಿರು ತೆಗೆದುಕೊಳ್ಳುವ ಎರಡು ಅಕ್ಷರದಷ್ಟು ಹೊತ್ತು ರಾಗವನ್ನು ಕೀಬೋರ್ಡ್ ಎತ್ತಿಕೊಳ್ಳಲಿ.