ಬದು ಮೇಲಿನ ಬಿಲ ಯಾರದ್ದು?

ಪ್ರಶ್ನೆ: ನಮ್ಮ ಗದ್ದೆ ಬದು ತುಂಬಾ ತೂತು. ನಮ್ಮಪ್ಪ ಎಲ್ಲಾನೂ ಹಾವಿನ ಬಿಲ ಅಂತಾರೆ, ಮಕ್ಕಳನ್ನ ಆ ಕಡೆ ಬಿಡೋದೇ ಇಲ್ಲ. ಬಿಲ ನೋಡಿ ಒಳಗೆ ಯಾರಿದ್ದಾರೆ ಅಂತ ಹೇಳಕ್ಕಾಗುತ್ತಾ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಸುಮಾರಾಗಿ ಹೇಳ್ಬೋದು. ಮೊದ್ಲು ಒಂದ್ ವಿಷ್ಯ ಕ್ಲಿಯರ್ ಮಾಡ್ಬಿಡ್ತೀನಿ, ನಾಗರಹಾವು ಬಿಲ ತೋಡಲ್ಲ, ಇಲಿ ತೋಡಿದ್ದಕ್ಕೋ ಗೆದ್ದಲು ಕಟ್ಟಿದ ಹುತ್ತಕ್ಕೋ ಹೋಗಿ ಸೇರ್ಕೊಳ್ಳುತ್ತೆ, ಬಾಡಿಗೆನೂ ಇಲ್ಲ ಅಡ್ವಾನ್ಸೂ ಇಲ್ಲ. ಮಣ್ಣುಮುಕ್ಕ ಹಾವು ಸಡಿಲ ಮಣ್ಣಲ್ಲಿ ನುಗ್ಗುತ್ತೆ ನಿಜ, ಆದ್ರೆ ನುಗ್ಗಿದ ಹಿಂದೆನೇ ಮಣ್ಣು ಕುಸಿದು ಮುಚ್ಕೊಳ್ಳುತ್ತೆ, ನೀಟಾದ ತೂತು ಉಳಿಯಲ್ಲ.

ಹಾಗಾಗಿ ಬಿಲದ ಬಾಯಿ ನೋಡಿ, ತೋಡಿದವರ ಮೈ ಹೆಂಗಿದ್ಯೋ ಬಾಯೂ ಹಂಗೇ ಇರುತ್ತೆ. ಚೇಳಿನದು ಚಪ್ಪಟೆ, ಮಲಗಿಸಿದ ಅರ್ಧಚಂದ್ರ ಇದ್ದಂಗೆ, ಯಾಕಂದ್ರೆ ಅದರ ಮೈಯೇ ಚಪ್ಪಟೆ ಮತ್ತೆ ಮುಂದಿನ ಇಕ್ಕಳ ಅಗಲಿಸ್ಕೊಂಡೇ ಒಳಗೆ ಹೋಗ್ಬೇಕು. ಏಡಿದಾದ್ರೆ ಬಾಯಿ ಸುತ್ತ ಹಸಿ ಮಣ್ಣಿನ ಉಂಡೆ ಗುಡ್ಡೆ ಬಿದ್ದಿರುತ್ತೆ, ಕೆಲವು ಸಲ ಪುಟ್ಟ ಚಿಮಣಿ ಥರ ಮೇಲೆದ್ದಿರುತ್ತೆ, ಒಳಗೆ ತೇವ ಸಿಗೋವರೆಗೂ ಇಳಿದಿರುತ್ತೆ. ಬಾಯಿಗೆ ರೇಷ್ಮೆ ಅಂಚು ಕಟ್ಟಿದಂಗೆ ನೂಲು ಕಂಡ್ರೆ ಅದು ದೊಡ್ಡ ಜೇಡದ್ದು.

ಗದ್ದೆ ಹೆಗ್ಗಣ ಮಾತ್ರ ಬಲು ಚಾಲಾಕಿ. ಹೊಸ ಮಣ್ಣು ರಾಶಿ ಹಾಕಿರುತ್ತೆ, ಬಾಗಿಲನ್ನ ಒಳಗಿಂದ ಮಣ್ಣಲ್ಲೇ ಮುಚ್ಚಿರುತ್ತೆ, ಅಗೆದ್ರೆ ಒಂದ್ ಕೋಣೆಲಿ ನಿಮ್ಮ ಭತ್ತದ ತೆನೆಗಳು ಸ್ಟಾಕ್! ಸುಗ್ಗಿ ಮುಗಿದ ಮೇಲೆ ಇದನ್ನ ಅಗೆದು ತೆನೆ ತೆಗೆಯೋರೂ ಇದ್ರು. ಹೊಲದ ಒಣ ಮಣ್ಣಲ್ಲಿರೋ, ಬಾಲದ ತುದಿಲಿ ಕುಚ್ಚಿರೋ ಇಲಿ ಇದಕ್ಕೆ ಉಲ್ಟಾ, ಅದು ಬಾಗಿಲು ತೆರೆದಿಡುತ್ತೆ, ಓಡಿಹೋಗಕ್ಕೆ ಮೂರ್ನಾಲ್ಕು ದಾರಿ ಇಟ್ಕೊಂಡಿರುತ್ತೆ. ಬದು ಪಕ್ಕದ ಕಡಿದಾದ ಮಣ್ಣುಗೋಡೆಲಿ ದುಂಡನೆ ತೂತಿದ್ರೆ ಮಿಂಚುಳ್ಳಿನೋ ಕಳ್ಳಿಪೀರನೋ ಮೊಟ್ಟೆ ಇಟ್ಟಿರ್ಬೋದು, ಅದಕ್ಕೆ ಕಡ್ಡಿ ಗಿಡ್ಡಿ ಹಾಕ್ಬೇಡಿ.

ಈಗ ನಿಮ್ಮಪ್ಪನ ವಿಷ್ಯ. ಅವರು ಪೂರ್ತಿ ತಪ್ಪಲ್ಲ, ಇಲಿ ಇದ್ದ ಕಡೆ ಹಾವು ಬಂದೇ ಬರುತ್ತೆ, ಯಾವ ಬಿಲಕ್ಕೂ ಕೈ ಹಾಕೋದು ಬೇಡ. ಟೆಸ್ಟ್ ಮಾಡ್ಬೇಕು ಅಂದ್ರೆ ಸಂಜೆ ಗುದ್ದಲಿಲಿ ಎಲ್ಲಾ ತೂತಿಗೂ ಸ್ವಲ್ಪ ಮಣ್ಣು ಎಳೀರಿ, ಬೆಳಗ್ಗೆ ಯಾವ್ದು ಮತ್ತೆ ತೆರೆದಿರುತ್ತೋ ಅದರಲ್ಲಿ ಜನ ಇದ್ದಾರೆ.